ಜ್ವರಕ್ಕೆ ಕೂತ ಹುಳು

ಮುಳಬಾಗಿಲು ಕಡೆಯ ಗಂಗಾಲಕ್ಷ್ಮಿಯ ಸೊಂಟದಲ್ಲಿ ಸರ್ಪಸುತ್ತು ಎದ್ದಿದ್ದು ಇದು ಮೂರನೇ ಸಲ. ಹಾವಿನ ತಲೆ ಬಾಲ ಕೂಡಿದರೆ ಜೀವಕ್ಕೇ ಅಪಾಯವೆಂದು ಅತ್ತೆ ಶ್ಯಾಮಲಮ್ಮ ಗುಳ್ಳೆಗಳ ಎರಡೂ ತುದಿಗೆ ಕೆಮ್ಮಣ್ಣಿನ ಗೆರೆ ಎಳೆದಿದ್ದರು. ಡಾಕ್ಟರು ಅದನ್ನು ತೊಳೆಸಿ, ನರದ ಮಾತ್ರೆ ಬರೆದು, ಮಲಗಿರಮ್ಮ ಎಂದಿದ್ದರು. ಮಲಗುವುದೆಲ್ಲಿ ಬಂತು, ಮನೆ ತುಂಬ ರೇಷ್ಮೆ ಹುಳು. ಮಾತ್ರೆ ನುಂಗಿದರೆ ಉರಿ ಪಕ್ಕದ ಮನೆಯವರದೇನೋ ಎಂಬಂತಾಗುತ್ತಿತ್ತು. ಸಾರಿನ ಹುಳಿ, ಮಗಳ ಮಾತು, ಕೊನೆಗೆ ಸಿಟ್ಟು ಕೂಡ ಹಾಗೇ.

ಆ ಬೆಳಿಗ್ಗೆ ಅದೇ ಮಂಪರಿನಲ್ಲಿ ಹುಳುಗಳ ಮೇಲೆ ಸೊಪ್ಪು ಹರಡಿಬಿಟ್ಟಳು. ಅವು ಪೊರೆ ಬಿಡಲು ತಲೆಯೆತ್ತಿ ಅಲ್ಲಾಡದೆ ಕೂತಿದ್ದವು. ಊರಲ್ಲಿ ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಮುಟ್ಟಲೂಬಾರದು.

ಗಂಡ ಚಂದ್ರಮೋಹನ್ ನೋಡಿ ರೇಗಿದ. "ಕಣ್ಣು ಕಾಣಲ್ವೇನೇ? ಜ್ವರಕ್ಕೆ ಕೂತಿರೋ ಹುಳೂನ ಅದ್ರ ಪಾಡಿಗೆ ಬಿಡ್ಬೇಕು ಅಂತ ಗೊತ್ತಿಲ್ವಾ?"

"ಗೊತ್ತು," ಎಂದಳು. ಬೈಗುಳವೂ ತಾಕಲಿಲ್ಲ.

ಅವನು ಬಗ್ಗಿ, ಹುಳುಗಳಿಗೆ ಉಸಿರೂ ಸೋಕದಂತೆ ಒಂದೊಂದೇ ಎಲೆ ತೆಗೆದ. ಆ ಕೈ ಅಷ್ಟು ಮೆತ್ತಗಿರಬಲ್ಲದೆಂದು ಅವಳಿಗೆ ತಿಳಿದದ್ದು ಅಂದೇ.

"ಮುದ್ದೆಗೆ ಎಸರಿಡೋಗು, ಹೊತ್ತಾಯ್ತು," ಎಂದ, ತಿರುಗಿಯೂ ನೋಡದೆ.

ಅವಳು ಸೊಂಟ ಹಿಡಿದುಕೊಂಡು ಎದ್ದಳು.