ಮಾವನನ್ನು ಪಾಸು ಮಾಡಿದ್ದು

ಅದು ಮಾವನ ಉಸಿರಿನ ವ್ಯಾಯಾಮದ ನಾಲ್ಕನೆಯ ವಾರವೋ ಐದನೆಯದೋ, ಈಗ ಖಚಿತವಾಗಿ ಹೇಳಲಾರೆ. ಮಳೆ ಬಂದಿತ್ತೆಂದು ಡೈರಿಯಲ್ಲಿದೆ, ನೆನಪಿನಲ್ಲಿ ಬಿಸಿಲಿದೆ. ಆದರೆ ಸುಳ್ಳು ಹೇಳಿದ್ದು ನಾನೇ — ಅದರಲ್ಲಿ ಅನುಮಾನವಿಲ್ಲ. ಇನ್ನೂ ಅರ್ಧದಷ್ಟು ತರಗತಿಗಳು ಉಳಿದಿದ್ದಾಗ ಹೇಳಿದೆ: "ಮಾವ, ಕ್ಲಾಸ್ ಮುಗೀತು. ನೀವು ಪಾಸ್."

ಮಾವ ಅಮ್ಮನ ತಮ್ಮ. ಹಾವೇರಿ ಕಡೆಯಿಂದ ಬಂದು ಪೀಣ್ಯದ ಒಂದು ಶೆಡ್ಡಿನಲ್ಲಿ ವರ್ಷಗಟ್ಟಲೆ ಕಬ್ಬಿಣ ಉಜ್ಜಿದವರು. ಆ ಧೂಳಿನ ದುಡಿಮೆಯಲ್ಲೇ ನಾನು ಎಂ.ಎ. ಓದಿದೆ. ಶ್ವಾಸಕೋಶ ಮೊದಲಿನಂತಾಗುವುದಿಲ್ಲ, ಉಳಿದ ಉಸಿರಿನಲ್ಲಿ ನಡೆಯುವುದನ್ನು ಕಲಿಸಬಹುದು ಎಂದು ಆಸ್ಪತ್ರೆಯವರು ವಾರಕ್ಕೆರಡು ದಿನ ವ್ಯಾಯಾಮಕ್ಕೆ ಕರೆದಿದ್ದರು. ಹೂವು ಮೂಸಿದಂತೆ ಉಸಿರೆಳೆದು ದೀಪ ಊದಿದಂತೆ ಬಿಡಿ ಎಂದು ಅಲ್ಲಿಯ ಹುಡುಗಿ ಹೇಳಿಕೊಟ್ಟಾಗ ಮಾವ ಒಪ್ಪಲಿಲ್ಲ. "ದೀಪ ಊದಿ ಆರಸಬಾರ್ದು ಯವ್ವಾ. ಚಾ ಆರಿಸ್ದಂಗ ಊದತೇನಿ." ಹಾಗೆಯೇ ಊದುತ್ತ, ಮೂರು ಕಡೆ ನಿಂತು ಹತ್ತುತ್ತಿದ್ದ ಮೆಟ್ರೊ ಮೆಟ್ಟಿಲನ್ನು ಒಂದೇ ಕಡೆ ನಿಂತು ಹತ್ತುವಷ್ಟಾಗಿದ್ದರು.

ಅವರನ್ನು ಕರೆದೊಯ್ಯಲು ಅರ್ಧ ದಿನದ ರಜೆ ಸಿಗುತ್ತಿರಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಸಿಗುತ್ತಿತ್ತು. ಆದರೆ ಆ ಮೆಟ್ಟಿಲ ಮೇಲೆ, ನನ್ನ ಆಫೀಸಿನವರೂ ಹತ್ತಿಳಿಯುವಲ್ಲಿ, ತುಟಿ ಮುಂದೆ ಮಾಡಿ ಸದ್ದಾಗುವಂತೆ ಊದುತ್ತ ನಿಂತವರ ಪಕ್ಕ — ನಿಲ್ಲಲಾಗಲಿಲ್ಲ ನನಗೆ. ನಾಲ್ಕು ಮೆಟ್ಟಿಲು ಮೇಲೆ ನಿಂತು ಮೊಬೈಲ್ ನೋಡುತ್ತಿದ್ದೆ.

"ಸಾಲ್ಯಾಗ ಒಂದೂ ಪರೀಕ್ಷೆ ಪಾಸಾಗಿದ್ದಿಲ್ಲ ನೋಡವ್ವಾ," ಎಂದು ಆ ದಿನ ನನ್ನ ಸುಳ್ಳು ಕೇಳಿ ಅವರು ನಕ್ಕರು. ಬೀದಿ ಕೊನೆಯ ಚಹಾ ಅಂಗಡಿಯವನಿಗೂ ಹೇಳಿ ಬಂದರು. ಆಮೇಲೆ ಅವರನ್ನು ಕೂರಿಸಿಬಿಟ್ಟೆ — ದಮ್ಮಿನವರು ದಣಿಯಬಾರದು ಎಂದು ಎಲ್ಲರೂ ಹೇಳುತ್ತಾರಲ್ಲ. ನೀರು, ಊಟ, ಎಲ್ಲ ಕುಳಿತಲ್ಲಿಗೇ. ಹಾಗೆ ಕೂರಿಸುವುದೇ ತಪ್ಪೆಂದು ಅದೇ ತರಗತಿಯಲ್ಲಿ ಕೇಳಿಸಿಕೊಂಡವಳು ನಾನು. ಎರಡು ವರ್ಷವಾಯಿತು. ಈಗ ಬಚ್ಚಲಿಗೆ ಹೋಗುವುದರೊಳಗೆ ಎರಡು ಸಲ ಗೋಡೆ ಹಿಡಿಯುತ್ತಾರೆ.

ಹೋದ ವಾರ ಡಾಕ್ಟರು, ವ್ಯಾಯಾಮ ಯಾಕೆ ಬಿಟ್ಟಿರಿ ಎಂದು ಕೇಳಿದರು. "ಬಿಟ್ಟಿಲ್ರೀ, ಪಾಸಾಗೇನಿ," ಎಂದರು ಮಾವ, ಸ್ವಲ್ಪ ಹೆಮ್ಮೆಯಿಂದಲೇ. ಡಾಕ್ಟರು ನನ್ನ ಕಡೆ ನೋಡಿದರು. ನಾನು ಫೈಲಿನ ಕಾಗದ ಜೋಡಿಸತೊಡಗಿದೆ.

ಇಂದು ಸಂಜೆ ಹೇಳಿದೆ. ಎಲ್ಲವನ್ನೂ — ಮೆಟ್ಟಿಲಿನ ಸಂಗತಿಯನ್ನೂ. ಕೊನೆಗೆ ಕೇಳಿದೆ: "ಸೋಮವಾರದಿಂದ ಮತ್ತೆ ಬರ್ತೀರಾ ಮಾವ, ನನ್ನ ಜೊತೆ?"

ಅವರು ಕಪ್ಪಿನ ಚಹಾವನ್ನು ಬಸಿಗೆ ಸುರಿದುಕೊಂಡು, ತುಟಿ ಮುಂದೆ ಮಾಡಿ, ಸದ್ದಾಗುವಂತೆ ಊದತೊಡಗಿದರು. ನಾನು ಮಾತಾಡುತ್ತಿದ್ದಷ್ಟು ಹೊತ್ತಿನಲ್ಲಿ ಅದು ಪೂರ್ತಿ ಆರಿಹೋಗಿತ್ತು.