ಅಮ್ಮಾವ್ರ ತಲೆ, ಗಾರುಫಲಿಯಾಳ ಬಾಯಿ

ಗಾರುಫಲಿಯಾಗೆ ಸುಮ್ಮನಿರಲು ಬರುವುದಿಲ್ಲ. ಇದನ್ನು ಹೊಗಳಿಕೆ ಅಂತ ತಿಳಿಯಬೇಡಿ, ಬೈಯುತ್ತಲೇ ಇದ್ದೇನೆ. ನಮ್ಮೂರಿನ ಸಂಗ್ರಹಾಲಯದಲ್ಲಿ ಅವಳೂ ನಾನೂ ಇಪ್ಪತ್ತೆರಡು ವರ್ಷ ಕಾವಲು ಕೂತವರು. ಎರಡು ಕೋಣೆ, ಒಡೆದ ಮಡಕೆಗಳ ನಾಲ್ಕು ಗಾಜಿನ ಪೆಟ್ಟಿಗೆ, ಒಳಕೋಣೆಯ ನಡುವೆ ಅಮ್ಮಾವ್ರು. ಅಷ್ಟೇ ನಮ್ಮ ಆಸ್ತಿ. ಊರವರೆಲ್ಲ ಅಮ್ಮಾವ್ರು ಎನ್ನುವುದು ಆಳೆತ್ತರದ ಒಂದು ಅಮೃತಶಿಲೆಯ ಹೆಂಗಸಿಗೆ. ಹೊದ್ದ ಬಟ್ಟೆಯ ನೆರಿಗೆಗಳನ್ನು ಒಂದೊಂದಾಗಿ ಎಣಿಸಬಹುದು, ತಲೆ ಮಾತ್ರ ಇಲ್ಲ. ಬೇಸಿಗೆಯಲ್ಲಿ ಬಸ್ಸುಗಳು ಬರುತ್ತಿದ್ದದ್ದು ಅವಳನ್ನು ನೋಡಲಿಕ್ಕೆ. ಪಾನಾಗೋಸನ ಕಾಫಿ ಅಂಗಡಿಯಿಂದ ಹಿಡಿದು ಬಂದರಿನ ಹುರಿದ ಮೀನಿನ ಹೋಟೆಲುಗಳವರೆಗೆ ಎಲ್ಲರ ಒಲೆ ಉರಿಯುತ್ತಿದ್ದದ್ದೂ ಆ ಬಸ್ಸುಗಳಿಂದಲೇ.

ಇವಳ ಬಾಯಿಯ ವಿಷಯ ಹೇಳುತ್ತೇನೆ ಕೇಳಿ. ಈಸ್ಟರ್ ಪೂಜೆಯಲ್ಲಿ ಪಾದ್ರಿ ಒಂದು ಸಾಲು ನುಂಗಿದರೆಂದು ಎಲ್ಲರೆದುರು ಎತ್ತಿ ಆಡಿದವಳು ಇವಳು. ಸ್ವಂತ ಮಾವನನ್ನು ಮಣ್ಣು ಮಾಡುವಾಗ, ಹೊಗಳುತ್ತಿದ್ದವರಿಗೆ “ಅಷ್ಟೇನೂ ಒಳ್ಳೆಯವನಲ್ಲ ಬಿಡಿ” ಅಂದವಳೂ ಇವಳೇ. ಪ್ರತಿಮೆಯ ಪಕ್ಕ ಭಂಗಿ ಕೊಟ್ಟು ನಿಂತು ಚಿತ್ರ ತೆಗೆಸಿಕೊಳ್ಳಬಾರದು ಎಂಬುದು ನಮ್ಮಲ್ಲಿ ನಿಯಮ. ಬಂದವರಿಗೆಲ್ಲ ಒಂದೇ ಚಪಲ, ಅಮ್ಮಾವ್ರ ಹಿಂದೆ ಪೀಠ ಹತ್ತಿ ತುದಿಗಾಲಲ್ಲಿ ನಿಂತು ಕತ್ತಿನ ಮೇಲೆ ತಮ್ಮ ಮೂತಿ ತೋರಿಸುವುದು. ನಾನಾದರೆ ಎರಡು ಸಲ ಕೆಮ್ಮುತ್ತಿದ್ದೆ. ಇವಳು ಕುರ್ಚಿಯಿಂದ ನೆಗೆದು ಊರು ಕೇಳುವಂತೆ ಕಿರುಚುತ್ತಿದ್ದಳು: “ಇಳೀರಿ! ನಿಮ್ ತಲೆ ನಿಮ್ ಹತ್ರಾನೇ ಇಟ್ಕೊಳಿ, ಅವಳಿಗೇನೂ ಬೇಕಾಗಿಲ್ಲ!”

ವಾರದ ರಜೆಯ ದಿನ ಏಣಿ ಹತ್ತಿ, ಮೆತ್ತನೆಯ ಕುಂಚದಿಂದ ಅಮ್ಮಾವ್ರ ಧೂಳು ತೆಗೆಯುವುದು ಅವಳ ಕೆಲಸ. ಗಂಡ ತೀರಿಕೊಂಡ ವಾರವೂ ಅದನ್ನು ತಪ್ಪಿಸಲಿಲ್ಲ. ನನಗೆ ಬಿಟ್ಟುಕೊಡು ಅಂದರೆ, “ನೀನು ಕುರ್ಚಿ ಒರೆಸಿದ ಹಾಗೆ ಒರೆಸ್ತೀಯ” ಅಂದಳು.

ಹೋದ ಶರತ್ಕಾಲದಲ್ಲಿ ರಾಜಧಾನಿಯ ದೊಡ್ಡ ಸಂಗ್ರಹಾಲಯವೊಂದರ ಉಗ್ರಾಣದಲ್ಲಿ, ಯಾವುದೋ ಡ್ರಾಯರಿನಲ್ಲಿ ಹೆಣ್ಣಿನ ತಲೆಯೊಂದು ಸಿಕ್ಕಿತು. ಅದರ ಚೀಟಿಯಲ್ಲಿ ನಮ್ಮೂರಿನ ಹೆಸರು ಅರ್ಧ ಅಳಿಸಿತ್ತಂತೆ. ದನಾಯಿ ಎಂಬ ತಜ್ಞೆ ಅದನ್ನು ಮರದ ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದಳು. ತಲೆ ಹೊಂದದಿದ್ದರೆ ಅಮ್ಮಾವ್ರು ನಮ್ಮಲ್ಲೇ ಇರುತ್ತಾರೆ. ಹೊಂದಿದರೆ ಎರಡನ್ನೂ ರಾಜಧಾನಿಯಲ್ಲಿ ಕೂಡಿಸಿ ಅಲ್ಲೇ ಇಟ್ಟುಕೊಳ್ಳುತ್ತಾರೆ, ನಮ್ಮ ಎರಡು ಕೋಣೆಗೆ ಬೀಗ. ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು.

ಇಬ್ಬರು ಆಳುಗಳು ತಲೆಯನ್ನು ಎತ್ತಿ ಕತ್ತಿನ ಮೇಲೆ ಹಿಡಿದರು. ಕೂರಲಿಲ್ಲ. ಬಲಗಡೆ ಎರಡು ಬೆರಳು ತೂರುವಷ್ಟು ಸಂದು. ದನಾಯಿ ಮೂರು ಸಲ ಅಳೆದಳು, ತುಟಿ ಕಚ್ಚಿದಳು, ಕೊನೆಗೆ “ಇಲ್ಲ, ಇದು ಈ ದೇಹದ್ದಲ್ಲ” ಅಂದು ಪುಸ್ತಕ ಮುಚ್ಚಿದಳು. ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಬಾಗಿಲಲ್ಲಿದ್ದ ಪಾನಾಗೋಸ್ “ಎಲ್ರಿಗೂ ಕಾಫಿ ನನ್ನದು!” ಅಂತ ಕೂಗಿದ. ಮುಗಿಯಿತಲ್ಲ? ಮುಗಿಯಬೇಕಿತ್ತು.

“ಅದು ಕಲ್ಲಲ್ಲ ಮೇಡಂ,” ಅಂದಳು ಗಾರುಫಲಿಯಾ.

“ಯಾವುದು?”

“ಕತ್ತಿನ ಎಡಗಡೆ ಇರೋದು. ಹಿಂದೆ ಯಾರೋ ಅಮೃತಶಿಲೆ ಪುಡಿ ಬೆರೆಸಿ ಗಾರೆ ಮೆತ್ತಿದಾರೆ, ಅದು ತಲೇನ ಎತ್ತಿ ಹಿಡಿದಿರೋದಕ್ಕೇ ಬಲಗಡೆ ಸಂದು. ಚಳಿಗಾಲದಲ್ಲಿ ಕಲ್ಲು ಕೈ ಕೊರೆಯುತ್ತೆ, ಅದು ಕೊರೆಯಲ್ಲ. ಇಪ್ಪತ್ತೆರಡು ವರ್ಷದಿಂದ ಕೈಯಾಡಿಸ್ತಿದೀನಿ, ನಂಗೊತ್ತಿಲ್ವಾ?”

ನಾನು ಅವಳ ಕಾಲು ತುಳಿದೆ.

“ಕಾಲ್ಯಾಕೆ ತುಳೀತೀಯ ಅಪೊಸ್ತೋಲಿ, ನೋಯುತ್ತೆ!” ಅಂದಳು, ಎಲ್ಲರಿಗೂ ಕೇಳುವಂತೆ.

ನಾನು ಹಣೆ ಹಣೆ ಚಚ್ಚಿಕೊಂಡೆ. ದನಾಯಿ ಏಣಿ ಹತ್ತಿ ಸಣ್ಣ ಉಳಿಯಿಂದ ಕೆದಕತೊಡಗಿದಳು. ಒಂದು ಗಂಟೆ ಹಿಡಿಯಿತು. ಗಾರೆಯೆಲ್ಲ ಉದುರಿ, ಅಡಿಯಲ್ಲಿ ನಿಜವಾದ ಮುರಿತ ಕಾಣಿಸಿತು. ಮತ್ತೆ ತಲೆ ಎತ್ತಿದರು, ಇಳಿಸಿದರು. ಟಕ್ ಎಂದಿತು. ಕೂದಲೆಳೆಯೂ ತೂರದಂತೆ ಕೂತುಬಿಟ್ಟಿತು.

ಇಷ್ಟು ವರ್ಷ ನಾನು ಯಾವುದೋ ದೇವತೆ ಅಂದುಕೊಂಡಿದ್ದೆ. ನೋಡಿದರೆ ನಡುವಯಸ್ಸಿನ ಸಾಧಾರಣ ಹೆಂಗಸು, ಕೆನ್ನೆ ಸ್ವಲ್ಪ ಜೋತಿದೆ, ಮನೆಗೆಲಸ ಮುಗಿಸಿ ಈಗಷ್ಟೇ ನಿಂತವಳ ಆಯಾಸದ ಕಣ್ಣು. ಎಲ್ಲರೂ ಬಾಯಿಬಿಟ್ಟುಕೊಂಡು ನೋಡಿದರು. ಮೊದಲು ಎಚ್ಚೆತ್ತವನು ಪಾನಾಗೋಸ್.

“ಇರಲಾರದೆ ಇರುವೆ ಬಿಟ್ಕೊಂಡ್ಯಲ್ಲೇ! ಊರ ಹೊಟ್ಟೆ ಮೇಲೆ ಹೊಡೆದ್ಯಲ್ಲೇ ಮಹಾತಾಯಿ!” ಅಂದವನೇ ಹೊಸ್ತಿಲಿಗೆ ಉಗಿದು ಹೋದ. ಅವತ್ತಿನಿಂದ ಊರಿನಲ್ಲಿ ಅವಳಿಗೆ ಯಾರೂ ನಮಸ್ಕಾರ ಹೇಳಲಿಲ್ಲ.

ಅವತ್ತೇ ಹಿತ್ತಲ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದವಳ ಮೇಲೆ ನಾನೂ ಹರಿಹಾಯ್ದೆ. “ಪುಸ್ತಕ ಮುಚ್ಚಿ ಆಗಿತ್ತು ಕಣೇ! ಓದಿದವಳೇ ಇಲ್ಲ ಅಂದಮೇಲೆ ನಿಂದೇನು ನಡುವೆ? ಒಂದೇ ಒಂದು ಸಲ ಬಾಯಿ ಮುಚ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಅವಳು ನಲ್ಲಿ ನಿಲ್ಲಿಸಿದಳು. “ನಮ್ಮಮ್ಮನ ಗೋರಿ ಅಗೆದು ಎಲುಬು ಎತ್ತಿದ ದಿನ ನೀನೂ ಬಂದಿದ್ದೆ. ನಮ್ಮ ಪದ್ಧತಿಯಂತೆ, ಮಣ್ಣು ಮಾಡಿ ಮೂರು ವರ್ಷ ತುಂಬಿತ್ತು. ಬುರುಡೆ ನನ್ನ ಕೈಗೆ ಕೊಟ್ರು. ವೈನಲ್ಲಿ ತೊಳೆದು, ಪೆಟ್ಟಿಗೇಲಿ ಎಲ್ಲಾ ಎಲುಬಿನ ಮೇಲೆ ಇಟ್ಟೆ. ಇವಳ ತಲೆ ಬೇರೆ ಊರಲ್ಲಿ ಡ್ರಾಯರಲ್ಲಿದೆ ಅಂತ ಗೊತ್ತಿದ್ದೂ, ಬಸ್ಸು ಬರಲಿ ಅಂತ ನಾನು ಸುಮ್ನಿದ್ದಿದ್ರೆ ನೀನು ನನ್ನ ಮುಖ ನೋಡ್ತಿದ್ಯಾ?”

ಅಬ್ಬಾ, ಈ ಹೆಂಗಸು! ನನ್ನ ಸಿಟ್ಟು ಇನ್ನೂ ಏರಿತು.

ನವೆಂಬರಿನಲ್ಲಿ ಲಾರಿ ಬಂತು. ಸಾಗಿಸುವಾಗ ಪೆಟ್ಟಾಗಬಾರದೆಂದು ತಲೆಗೆ ಒಂದು ಪೆಟ್ಟಿಗೆ, ಮೈಗೆ ಒಂದು ಪೆಟ್ಟಿಗೆ. ಮುಚ್ಚುವ ಮೊದಲು ಗಾರುಫಲಿಯಾ ಕುಂಚ ತಂದು ಹಣೆಯಿಂದ ಗಲ್ಲದವರೆಗೆ ಧೂಳು ತೆಗೆದಳು. ಅಲ್ಲಿ ಧೂಳೇ ಇರಲಿಲ್ಲ. ಊರಿನಿಂದ ಒಬ್ಬರೂ ಬರಲಿಲ್ಲ. ಮುಂದಿನ ವಾರದಿಂದ ನನಗೆ ಎರಡು ಬಸ್ಸು ಹಿಡಿದು ಹೋಗುವ ಕೋಟೆಯ ಟಿಕೆಟ್ ಕಿಟಕಿ, ಅವಳಿಗೆ ಏನೆಂದು ಇನ್ನೂ ಆದೇಶವಿಲ್ಲ. ಕೋಪದಲ್ಲಿ ನಾನು ಗೋಡೆಗೊರಗಿ ನಿಂತಿದ್ದೆ, ಒಂದು ಹಗ್ಗವನ್ನೂ ಮುಟ್ಟುವುದಿಲ್ಲವೆಂದು ಹಟ ಹಿಡಿದು.

ಆಳುಗಳು ದೊಡ್ಡ ಪೆಟ್ಟಿಗೆಯನ್ನು ಲಾರಿಯ ಒಳಗೆ ತಳ್ಳಿದರು. ಚಿಕ್ಕದನ್ನು ಚಾಲಕ ಹಿಂದೆ ಬರುವ ಕಾರಿಗೆ ಒಯ್ಯುತ್ತಿದ್ದ.

“ಏಯ್!” ಅಂತ ನಾನು ಅರಚಿದೆ. “ಎಲ್ಲಿಗಯ್ಯಾ ಅದು? ಒಂದರ ಪಕ್ಕ ಒಂದಿಡು! ಇಷ್ಟು ವರ್ಷ ಬೇರೆ ಬೇರೆ ಇದ್ದದ್ದು ಸಾಲ್ದಾ ನಿಮ್ಗೆ?”

ಚಾಲಕ ಗೊಣಗಿದ. ನಾನು ಹೋಗಿ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದೆ.