‘ಇತ್ತು’ ಬರೆದವರೆಲ್ಲ ಫೇಲು

ಕಳೆದ ಬುಧವಾರ ನಾನು ತೀರಿಹೋಗಿರುವ ಸಂಗತಿ ನನಗೆ ತಿಳಿಯಿತು. ತಿಳಿಸಿದವರು ಸಾಮಾನ್ಯರಲ್ಲ, ಶಾಲಾ ಇನ್‌ಸ್ಪೆಕ್ಟರು. ಆಧಾರವೂ ಗಟ್ಟಿಯಾದದ್ದೇ. ನನ್ನ ಮಗಳು ಸ್ವಹಸ್ತದಿಂದ ಬರೆದುಕೊಟ್ಟಿದ್ದಳು.

ನಗಬೇಡಿ. ಮೊದಲಿನಿಂದ ಹೇಳುತ್ತೇನೆ.

ಈ ವರ್ಷ ನಮ್ಮ ಕಡೆಯ ಶಾಲೆಗಳಿಗೆ ಹೊಸ ಏರ್ಪಾಡು ಬಂದಿದೆ. ಇಷ್ಟು ಕಾಲ ಆಯಾ ಶಾಲೆಯ ಮಾಸ್ತರರೇ ಪ್ರಶ್ನೆ ಕೇಳಿ, ಅವರೇ ಮಾರ್ಕು ಕೊಟ್ಟು ಮಕ್ಕಳನ್ನು ಮೇಲಿನ ಕ್ಲಾಸಿಗೆ ದಾಟಿಸುತ್ತಿದ್ದರು. ಇನ್ನು ಹಾಗಿಲ್ಲ. ಬೈಂದೂರಿನಿಂದ ಬ್ರಹ್ಮಾವರದವರೆಗೆ ನಾಲ್ಕನೇ ಕ್ಲಾಸಿನ ಅಷ್ಟೂ ಮಕ್ಕಳಿಗೆ ಒಂದೇ ಪ್ರಶ್ನೆಪತ್ರಿಕೆ, ಒಂದೇ ಅಳತೆ. ತಿದ್ದುವವರು ಇನ್‌ಸ್ಪೆಕ್ಟರು. ಕೇಳಿದಾಗ ನಾನೂ ತಲೆದೂಗಿದ್ದೆ. (ಒಂದೇ ಅಳತೆ ಎಂದರೆ ನ್ಯಾಯ ಎಂದು ಯಾರಿಗೆ ಅನ್ನಿಸುವುದಿಲ್ಲ?)

ಈ ಪರೀಕ್ಷೆಯ ಮೇಲೆ ಮನೆಯಲ್ಲಿ ಒಂದು ಒಪ್ಪಂದವೂ ಆಗಿತ್ತು. ಮಗಳು ಗಿರಿಜೆಯ ಓದು ನಾಲ್ಕಕ್ಕೇ ನಿಲ್ಲಲಿ ಎಂಬುದು ನನ್ನ ತಾಯಿಯ ಹಟ. “ಹೆಣ್ಣಿಗ್ ನಾಕ್ ಕ್ಲಾಸ್ ಧಾರಾಳ ಆಯ್ತ್. ಇನ್ನೆಂತಕ್?” ಎಂದು ದಿನಾ ರಾಗ. ಪಾಸಾದರೆ ಐದಕ್ಕೆ ಕಳಿಸುತ್ತೇನೆ, ಫೇಲಾದರೆ ನಿನ್ನ ಮಾತಿನಂತೆ ಶಾಲೆ ಬಿಡಿಸುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಗಿರಿಜೆ ಫೇಲಾಗುವ ಹುಡುಗಿಯಲ್ಲ ಎಂಬ ಧೈರ್ಯ ನನಗಿತ್ತು.

ಹಾಗಿರುವಾಗ ಮಂಗಳವಾರ ಸಂಜೆ ಹೆಡ್‌ಮಾಸ್ತರರು ಏದುಸಿರು ಬಿಡುತ್ತ ಬಂದರು. ಅಂಗಳದಲ್ಲಿ ನಿಂತೇ ಕರೆದರು.

“ಹ್ವಾಯ್, ನಾಳೆ ನನ್ನೊಟ್ಟಿಗೆ ಕುಂದಾಪ್ರಕ್ ಬಪ್ಪುಕ್ ಆತ್ತಾ? ನಾಕ್ನೇ ಕ್ಲಾಸ್ ಕನ್ನಡದಗೆ ಪೂರಾ ಫೇಲ್ ಅಂಬ್ರ್ ಮಾರಾಯ್ರೆ. ನಿಮ್ ಗಿರಿಜೆಯೂ.”

ನಾನು ಜಗಲಿಯಲ್ಲಿ ಕುಕ್ಕರಿಸಿದೆ. ಒಬ್ಬಿಬ್ಬರು ಫೇಲಾಗುವುದು ಇದ್ದದ್ದೇ. ಇಡೀ ಕ್ಲಾಸಿಗೆ ಕ್ಲಾಸೇ ಕನ್ನಡದಲ್ಲಿ ಫೇಲಾಗುವುದುಂಟೇ? ಇಂಗ್ಲಿಷಿನಲ್ಲಿ ಆಗಿದ್ದರೆ ನಾನು ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದೆ. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡ ತಾಯಿ ಗಿರಿಜೆಯ ಪಾಟಿಚೀಲವನ್ನು ಅಟ್ಟಕ್ಕೆ ಎತ್ತಿಟ್ಟರು. ಅದನ್ನು ಕಂಡು ಇನ್ನಷ್ಟು ಹೆದರಿದೆ.

ಮರುದಿನ ತಲ್ಲೂರಿನ ತನಕ ಇದ್ದಿಲಿನ ಹೊಗೆ ಕಾರುವ ಬಸ್ಸು, ಆಮೇಲೆ ಹೊಳೆ ದಾಟಲು ದೋಣಿ. ಇನ್‌ಸ್ಪೆಕ್ಟರು ಕುಂದಾಪುರದ ಬಂಗಲೆಯೊಂದರಲ್ಲಿ ಕ್ಯಾಂಪು ಮಾಡಿದ್ದರು. ಬಳ್ಳಾರಿಯ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು. ಗದರುತ್ತಾರೆ ಎಂದುಕೊಂಡು ಹೋದರೆ, ಅವರ ಮುಖ ಸಾವಿನ ಮನೆಗೆ ಮಾತಾಡಿಸಲು ಬಂದವರ ಹಾಗಿತ್ತು.

“ಕುಂಡ್ರಿ,” ಎಂದರು. “ಮೊದಲ ತಿದ್ದಿದ ಕಟ್ಟು ನಿಮ್ಮ ಸಾಲೀದ. ನಿಮ್ಮ ಊರಾಗ ಏನು ಬ್ಯಾನಿ ಬಂದಿತ್ರೀ? ಒಂದು ಮನಿ ಬಿಟ್ರ ಎಲ್ಲೂ ತಂದಿ ಉಳಿದಿಲ್ಲಲ್ಲ.”

ನಾವಿಬ್ಬರೂ ಕಣ್ಣು ಕಣ್ಣು ಬಿಟ್ಟೆವು. ಅವರು ಒಂದು ಉತ್ತರಪತ್ರಿಕೆ ತೆಗೆದರು. ‘ನನ್ನ ಮನೆ’ ಎಂಬ ವಿಷಯವಾಗಿ ವರ್ತಮಾನಕಾಲದಲ್ಲಿ ಬರೆಯಿರಿ ಎಂಬುದು ಪ್ರಶ್ನೆ. ಉತ್ತರವನ್ನು ಅವರೇ ಮೆಲ್ಲನೆ ಓದಿದರು. “ನಮ್ಮ ಮನೆಯಲ್ಲಿ ಅಪ್ಪಯ್ಯ ಇದ್ದರು. ಅಬ್ಬಿ ಇತ್ತು. ಕೊಟ್ಟಿಗೆಯಲ್ಲಿ ದನ ಇತ್ತು. ಬಾವಿಯಲ್ಲಿ ನೀರು ಇತ್ತು.”

ಓದಿ ನಿಟ್ಟುಸಿರು ಬಿಟ್ಟರು. “ತಂದಿ ಹೋದ. ದನಾನೂ ಹೋತು. ಬಾವೀನೂ ಬತ್ತಿತು. ಆದ್ರ ಅಬ್ಬಿ ಅಂದ್ರ ಜಲಪಾತ ಅಲ್ರೀ? ಅದು ಮನ್ಯಾಗ ಹೆಂಗ ಇತ್ತು?”

ಪತ್ರಿಕೆಯ ಮೇಲಿನ ಹೆಸರು ನೋಡಿದೆ. ಗಿರಿಜೆಯದು. ತೀರಿಹೋದ ತಂದೆ ಎಂದರೆ ನಾನು. ಜಲಪಾತ ಎಂದರೆ ಅವಳ ತಾಯಿ. (ಇದನ್ನು ಹೆಂಡತಿಗೆ ಹೇಳಿಲ್ಲ. ಆಕೆ ಈ ಅಂಕಣ ಓದುವುದಿಲ್ಲ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.)

“ಸಾರ್, ಆ ತಂದೆ ನಾನೇ,” ಎಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನನಗೆ ಸಂಗತಿ ಹೊಳೆದದ್ದು ಆಗಲೇ. ನಮ್ಮ ಕುಂದಾಪುರದ ಬಾಯಿಯಲ್ಲಿ ‘ಇದೆ’ ಎನ್ನುವುದಕ್ಕೆ ‘ಇತ್ತ್’. ‘ಇದ್ದಾರೆ’ ಎನ್ನುವುದಕ್ಕೆ ‘ಇದ್ರ್’. ನಿಜವಾಗಿ ಆಗಿಹೋದದ್ದಕ್ಕೆ ‘ಇದ್ದಿತ್ತ್’ ಎಂಬುದು ಬೇರೆಯೇ ಇದೆ. ಪುಸ್ತಕದ ಕನ್ನಡವೆಂದರೆ ತುಂಡು ಮಾತನ್ನು ಉದ್ದ ಮಾಡುವುದು ಎಂದು ಮಕ್ಕಳು ತಿಳಿದಿದ್ದಾರೆ. ಇತ್ತ್ ಎಂಬುದನ್ನು ಇತ್ತು ಮಾಡಿದರು, ಇದ್ರ್ ಎಂಬುದನ್ನು ಇದ್ದರು ಮಾಡಿದರು. ಹೀಗೆ ಊರಿನ ಅಪ್ಪಂದಿರನ್ನೆಲ್ಲ ಒಂದೇ ದಿನದಲ್ಲಿ ಮುಗಿಸಿಬಿಟ್ಟರು.

ಅಷ್ಟನ್ನೂ ವಿವರಿಸಿದೆ. ಅವರು ಒಪ್ಪಲಿಲ್ಲ. “ಕಾಲ ತಪ್ಪಿದ್ರ ಮಾರ್ಕು ಇಲ್ಲ ಅಂತ ರೂಲು ಅದರೀ. ನೀವು ಹೇಳಿದ್ದನ್ನ ಹೆಂಗ ನಂಬಲಿ?”

ನಾನು ಅಡಿಗೆಮನೆಯ ಕಡೆ ತಿರುಗಿ ಅಲ್ಲಿಯ ಭಟ್ಟರನ್ನು ಕೂಗಿದೆ. “ಹ್ವಾಯ್ ಭಟ್ರೆ, ಕಾಪಿ ಇತ್ತಾ?”

“ಇತ್ತ್, ಇತ್ತ್. ಈಗ ತಕಂಡ್ ಬತ್ತೆ,” ಎಂದು ಒಳಗಿನಿಂದ ಉತ್ತರ ಬಂತು. ಹಿಂದೆಯೇ ಕಾಫಿಯೂ ಬಂತು. ಹಬೆಯಾಡುತ್ತಿತ್ತು.

ಇನ್‌ಸ್ಪೆಕ್ಟರು ಲೋಟವನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡ ಮನಸ್ಸಿನವರು. ಆಗಲೇ ಕೆಂಪು ಪೆನ್ಸಿಲು ತೆಗೆದುಕೊಂಡು ಇಡೀ ಕಟ್ಟನ್ನು ಮತ್ತೆ ತಿದ್ದಲು ಕುಳಿತರು. ಒಬ್ಬೊಬ್ಬರೇ ಅಪ್ಪಂದಿರು ಎದ್ದು ಬರತೊಡಗಿದರು, ಮಕ್ಕಳು ಪಾಸಾಗತೊಡಗಿದರು. ಗಿರಿಜೆಯೂ ಪಾಸು. ತಾಯಿಗೆ ಹೇಗೆ ಹೇಳುವುದು ಎಂದು ನಾನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ.

ಕೊನೆಗೆ ಒಂದು ಪತ್ರಿಕೆ ಉಳಿಯಿತು.

“ಇದನ್ನ ತಿದ್ದೂದು ಬೇಕಾಗಿಲ್ಲ. ಮೊದಲೂ ಪಾಸಾದಾಕಿ ಇಕಿ ಒಬ್ಬಾಕಿನ,” ಎಂದು ಹೆಮ್ಮೆಯಿಂದ ಓದಿದರು. “ನಮ್ಮ ಮನೆಯಲ್ಲಿ ತಂದೆ ಇದ್ದಾರೆ. ತಾಯಿ ಇದ್ದಾರೆ. ತಂದೆಯವರು ಸಂಜೆ ಮನೆಗೆ ಬರುತ್ತಾರೆ. ನೋಡ್ರಿ, ಪುಸ್ತಕದ ಪಾಠದಾಗ ಇದ್ದಂಗ ಬರದಾಳ, ಒಂದು ಕಾಲ ತಪ್ಪಿಲ್ಲ. ಗುಲಾಬಿ ಅಂತ ಹೆಸರು.”

ಹೆಡ್‌ಮಾಸ್ತರರು ಕಾಫಿ ಲೋಟ ಕೆಳಗಿಟ್ಟರು.

“ಸಾರ್, ಅದ್ರ್ ಅಪ್ಪಯ್ಯ ಈಗ ಇಲ್ಲ. ಹೋದ್ ವರ್ಷ ಮರವಂತಿಯಗೆ ಕಡ್ಲಿಗ್ ಹೋದವ್ರ್ ತಿರ್ಗಿ ಬರ್ಲಿಲ್ಲ. ದೋಣಿ ಮಾತ್ರ ಸಿಕ್ತ್.”

ಬದುಕಿರುವ ಅಪ್ಪಂದಿರನ್ನೆಲ್ಲ ಸಾಯಿಸಿದ ಪರೀಕ್ಷೆ, ಸತ್ತ ಒಬ್ಬನನ್ನು ಬದುಕಿಸಿ ಭೇಷ್ ಎಂದಿತ್ತು. ಅದೂ ಯಾವ ತಪ್ಪೂ ಇಲ್ಲದೆ, ರೂಲಿನ ಪ್ರಕಾರ. ನಾನು ಅಷ್ಟು ಹೊತ್ತು ನಕ್ಕ ನಗೆ ನನಗೇ ಕಹಿಯಾಯಿತು. ಇನ್‌ಸ್ಪೆಕ್ಟರು ಪೆನ್ಸಿಲನ್ನು ಜೇಬಿಗೆ ಸೇರಿಸಿದರು. ಆ ಪತ್ರಿಕೆಯ ಮೇಲೆ ಮತ್ತೇನನ್ನೂ ಬರೆಯಲಿಲ್ಲ.

ಗಿರಿಜೆ ಐದಕ್ಕೆ ಹೋಗುತ್ತಾಳೆ. ತಾಯಿ ಎರಡು ದಿನ ಮುಖ ಊದಿಸಿಕೊಂಡಿದ್ದು, ಈಗ ಮೊಮ್ಮಗಳಿಗೆ ಹೊಸ ಲಂಗ ಹೊಲಿಸಬೇಕು ಎನ್ನುತ್ತಿದ್ದಾರೆ. ಅದು ಸಂತೋಷವೇ. ಆದರೆ ನನಗೆ ಮನಸ್ಸು ತಡೆಯಲಿಲ್ಲ. ನಿನ್ನೆ ಹೆಡ್‌ಮಾಸ್ತರರ ಜೊತೆ ಗುಲಾಬಿಯ ಮನೆಯ ಕಡೆ ಹೋದೆ. ಮನೆಯ ಮುಂದೆ ಮರಳಿನ ಮೇಲೆ ತಾಯಿ ಮಗಳಿಬ್ಬರೂ ಒಣಗಿದ ಮೀನು ಬುಟ್ಟಿಗೆ ತುಂಬುತ್ತಿದ್ದರು.

“ಪಾಸ್ ಆಯ್ದೆ ಮಗಾ,” ಎಂದರು ಹೆಡ್‌ಮಾಸ್ತರರು. ಹುಡುಗಿ ನಕ್ಕಳು. ಅವರು ದನಿ ತಗ್ಗಿಸಿ ಕೇಳಿದರು. “ಅಪ್ಪಯ್ಯ ಇದ್ರ್ ಅಂದೇಳಿ ಎಂತಕ್ ಬರ್ದೆ?”

ಗುಲಾಬಿ ತಾಯಿಯ ಕಡೆ ಒಮ್ಮೆ ನೋಡಿದಳು.

“ಪುಸ್ತಕದಗೆ ಇದ್ರಲೆ,” ಎಂದಳು.

ಈ ಉತ್ತರಕ್ಕೆ ಎಷ್ಟು ಮಾರ್ಕು ಕೊಡುವುದು, ಯಾರಾದರೂ ಹೇಳಿ.